ಬಾಯ್ಲರ್ ಮುಳ್ಳು ಪದೇ ಪದೇ ಕೆಂಪಿಗೆ ಏರುವುದು ಯಾಕೆ?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯ್ತು. ಬಾಡಿಗೆ ಮನೆ. ಅಡುಗೆಮನೆ ಗೋಡೆಯ ಮೇಲೆ ಗ್ಯಾಸ್ ಬಾಯ್ಲರ್ ಇದೆ. ಅದರ ಪ್ರೆಶರ್ ಮುಳ್ಳು 3ರ ಹತ್ತಿರ, ಕೆಂಪು ಪಟ್ಟಿಗೆ ಹೋಗಿ ನಿಲ್ಲುತ್ತದೆ. ರೂಮು ಬೆಚ್ಚಗಿಡುವ ರೇಡಿಯೇಟರ್‌ನಿಂದ ಸ್ವಲ್ಪ ನೀರು ಬಿಟ್ಟರೆ ಇಳಿಯುತ್ತದೆ. ಎರಡು ದಿನಕ್ಕೆ ಮತ್ತೆ ಅದೇ ಕಥೆ. ಮನೇಲಿ ಚಿಕ್ಕ ಮಗು ಇದೆ. ಬಾಯ್ಲರ್ ಸಿಡಿಯುತ್ತದಾ?

ಉತ್ತರ: ಮೊದಲು ಭಯದ ವಿಷಯ ಮುಗಿಸೋಣ. ಇಂಥ ಬಾಯ್ಲರ್‌ಗಳಲ್ಲಿ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಪ್ರೆಶರ್ 3 ಬಾರ್ ಮುಟ್ಟಿದರೆ ಅದು ತಾನೇ ತೆರೆದುಕೊಂಡು ನೀರನ್ನು ಹೊರಗೆ ಬಿಡುತ್ತದೆ. ಒಮ್ಮೆ ಮನೆಯ ಹೊರಗೆ ಹೋಗಿ ಬಾಯ್ಲರ್ ಇರುವ ಗೋಡೆಯನ್ನು ನೋಡಿ. ಹೆಬ್ಬೆರಳಿನಷ್ಟು ದಪ್ಪದ ತಾಮ್ರದ ಪೈಪೊಂದು ಹೊರಬಂದು, ಬಾಯಿ ಗೋಡೆಯ ಕಡೆಗೇ ಬಗ್ಗಿರುತ್ತದೆ. ಅದರ ಕೆಳಗಿನ ಇಟ್ಟಿಗೆ ಒದ್ದೆಯಾಗಿದ್ದರೆ ಅಥವಾ ಪಾಚಿ ಹಿಡಿದಿದ್ದರೆ, ವಾಲ್ವ್ ಆಗಲೇ ಕೆಲಸ ಮಾಡಿದೆ ಎಂದರ್ಥ. ಹಾಗಾಗಿ ಸಿಡಿಯುವ ಚಿಂತೆ ಬೇಡ. ಆದರೆ ಸುಮ್ನೆ ಬಿಡುವ ವಿಷಯವೂ ಅಲ್ಲ.

ಊರಿನ ಗೀಸರ್‌ನಲ್ಲಿ ಕಾದ ನೀರನ್ನೇ ನಾವು ಸ್ನಾನಕ್ಕೆ ಬಳಸುತ್ತೇವೆ. ಇಲ್ಲಿ ಹಾಗಲ್ಲ. ರೇಡಿಯೇಟರ್‌ಗಳಲ್ಲಿ ಇರುವುದು ಬೇರೆಯೇ ನೀರು. ಒಮ್ಮೆ ತುಂಬಿಸಿದ ಮೇಲೆ ಅದೇ ನೀರು ಬಾಯ್ಲರ್‌ಗೂ ರೇಡಿಯೇಟರ್‌ಗೂ ಸುತ್ತುತ್ತಾ ಇರುತ್ತದೆ. ತಣ್ಣಗಿದ್ದಾಗ ಮುಳ್ಳು 1ರಿಂದ 1.5 ಬಾರ್ ಒಳಗಿದ್ದರೆ ಸರಿ. ಬಿಸಿಯಾದಾಗ 2ರ ಹತ್ತಿರ ಹೋದರೂ ತೊಂದರೆಯಿಲ್ಲ. ಯಾಕೆಂದರೆ ಕಾದ ನೀರು ಹಿಗ್ಗುತ್ತದೆ. 100 ಲೀಟರ್ ನೀರು 10 ಡಿಗ್ರಿಯಿಂದ 70 ಡಿಗ್ರಿಗೆ ಕಾದರೆ ಎರಡು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಮುಚ್ಚಿದ ಪೈಪಿನೊಳಗೆ ಅದು ಎಲ್ಲಿಗೆ ಹೋಗಬೇಕು? ಅದಕ್ಕೇ ಎಕ್ಸ್‌ಪಾನ್ಶನ್ ವೆಸೆಲ್ ಎಂಬ ಡಬ್ಬ ಇಟ್ಟಿರುತ್ತಾರೆ. ನಡುವೆ ರಬ್ಬರ್ ಪರದೆ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ನೀರು ಹಿಗ್ಗಿದಾಗ ಗಾಳಿ ಅಮುಕಿಕೊಂಡು ಜಾಗ ಕೊಡುತ್ತದೆ.

ಈಗ ನಿಮ್ಮ ಮನೆಗೆ ಬರೋಣ. ನೀರು ಬಿಟ್ಟರೂ ಮತ್ತೆ ಏರುತ್ತದೆ ಅಂದರೆ, ಬರೀ ನೀರು ಬಿಡುತ್ತಾ ಕೂತರೆ ಉಪಯೋಗವಿಲ್ಲ. ಮುಳ್ಳು ಯಾವಾಗ ಏರುತ್ತದೆ ಅಂತ ಗೊತ್ತಾಗಬೇಕು. ರಾತ್ರಿ ಹೀಟಿಂಗ್ ಆಫ್ ಮಾಡಿ, ಪೈಪೆಲ್ಲ ತಣ್ಣಗಾದ ಮೇಲೆ ಮುಳ್ಳಿನ ಫೋಟೋ ತೆಗೆಯಿರಿ. ಬೆಳಿಗ್ಗೆ ಹೀಟಿಂಗ್ ಹಾಕುವ ಮುಂಚೆ ಇನ್ನೊಂದು. ಹಾಕಿ ಒಂದು ಗಂಟೆಯ ನಂತರ ಮತ್ತೊಂದು. ಈ ಮೂರು ಫೋಟೋದಲ್ಲೇ ಮುಕ್ಕಾಲು ಉತ್ತರ ಸಿಗುತ್ತದೆ.

ರಾತ್ರಿಯಿಡೀ ತಣ್ಣಗಿದ್ದರೂ ಬೆಳಿಗ್ಗೆಗೆ ಏರಿದ್ದರೆ, ಹೊರಗಿನ ನಲ್ಲಿ ನೀರು ಒಳಗೆ ನುಗ್ಗುತ್ತಿದೆ ಎಂದರ್ಥ. ಮೊದಲ ಅನುಮಾನ ಫಿಲ್ಲಿಂಗ್ ಲೂಪ್ ಮೇಲೆ, ಅಂದರೆ ರೇಡಿಯೇಟರ್ ಪೈಪುಗಳಿಗೆ ನಲ್ಲಿ ನೀರು ತುಂಬಿಸುವ ಹೋಸ್ ಮೇಲೆ. ಬಾಯ್ಲರ್ ಕೆಳಗೆ ಬೆಳ್ಳಿ ಬಣ್ಣದ, ಜಡೆ ಹೆಣೆದಂಥ ಪುಟ್ಟ ಹೋಸ್ ಪೈಪ್ ಇರುತ್ತದಲ್ಲ, ಅದೇ. ಅದರ ವಾಲ್ವ್‌ನ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಪ್ರೆಶರ್ ಕಮ್ಮಿ ಇದೆ ಅಂತ ನೀರು ತುಂಬಿಸಿ, ಹಿಡಿಯನ್ನು ಪೂರ್ತಿ ತಿರುಗಿಸಿರಲಿಲ್ಲ. ಕೂದಲೆಳೆಯಷ್ಟು ಸಂದಿ ಸಾಕಾಯ್ತು, ಬೆಳಗಾಗುವಷ್ಟರಲ್ಲಿ 2.8 ತೋರಿಸುತ್ತಿತ್ತು. ತುಂಬಿಸಿದ ಮೇಲೆ ಆ ಹೋಸ್ ಬಿಚ್ಚಿಡಬೇಕು ಅಂತಲೇ ಬ್ರಿಟನ್ನಿನ ನಿಯಮ. ಬಹಳ ಮನೆಗಳಲ್ಲಿ ಹಾಗೇ ಬಿಟ್ಟಿರುತ್ತಾರೆ. ಹೋಸ್‌ನ ಎರಡೂ ತುದಿಯ ವಾಲ್ವ್ ಮುಚ್ಚಿ, ಕೆಳಗೊಂದು ಬಟ್ಟಲಿಟ್ಟು ಬಿಚ್ಚಿ ನೋಡಿದಾಗ, ಮುಚ್ಚಿದ ವಾಲ್ವ್‌ನಿಂದಲೂ ನೀರು ತೊಟ್ಟಿಕ್ಕುತ್ತಲೇ ಇದ್ದರೆ ವಾಲ್ವ್ ಹೋಗಿದೆ. ಅಲ್ಲೇನೂ ಸೋರದೆ ಪ್ರೆಶರ್ ಮಾತ್ರ ಏರುತ್ತಿದ್ದರೆ, ಬಾಯ್ಲರ್ ಒಳಗೆ ನಲ್ಲಿ ನೀರು ಕಾಯಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ತೂತಾಗಿರಬಹುದು. ಅದು ಎಂಜಿನಿಯರ್ ಕೆಲಸ.

ತಣ್ಣಗಿದ್ದಾಗ 1.2, ಬಿಸಿಯಾದ ಕೂಡಲೇ 3 ಎಂದಾದರೆ ತೊಂದರೆ ಬೇರೆ. ವೆಸೆಲ್‌ನ ಗಾಳಿ ಹೋಗಿದೆ, ಇಲ್ಲವೇ ಪರದೆ ಹರಿದಿದೆ. ಇದಕ್ಕೆ ಇನ್ನೊಂದು ಗುರುತೂ ಉಂಟು. ವೆಸೆಲ್ ಚೆನ್ನಾಗಿದ್ದರೆ 2.5ರಿಂದ 1.5ಕ್ಕೆ ಇಳಿಸಲು ಲೀಟರ್‌ಗಟ್ಟಲೆ ನೀರು ಬಿಡಬೇಕಾಗುತ್ತದೆ. ಒಂದೇ ಲೋಟಕ್ಕೆ ಮುಳ್ಳು ದಬಕ್ಕನೆ ಬಿದ್ದರೆ, ಒಳಗೆ ಗಾಳಿಯೇ ಇಲ್ಲ. ಬೈಕಿನ ಟೈರಿಗೆ ಇರುವಂಥದೇ ವಾಲ್ವ್ ವೆಸೆಲ್‌ಗೂ ಇರುತ್ತದೆ. ಎಂಜಿನಿಯರ್ ನೀರಿನ ಪ್ರೆಶರ್ ಸೊನ್ನೆಗೆ ಇಳಿಸಿ, ಅಲ್ಲಿಂದ ಗಾಳಿ ತುಂಬುತ್ತಾರೆ. ಆ ವಾಲ್ವ್ ಒತ್ತಿದಾಗ ನೀರು ಬಂದರೆ ಪರದೆ ಹರಿದಿದೆ, ವೆಸೆಲ್ ಬದಲಾಯಿಸಲೇಬೇಕು.

ಅಲ್ಲಿಯವರೆಗೆ ನೀರು ಬಿಡಬೇಕಾದರೆ ಹೀಟಿಂಗ್ ಆಫ್ ಮಾಡಿ, ರೇಡಿಯೇಟರ್ ತಣ್ಣಗಾಗಲು ಬಿಡಿ. ಮಗುವನ್ನು ಬೇರೆ ರೂಮಿನಲ್ಲಿರಿಸಿ. ಕಾರ್ಪೆಟ್ ಇಲ್ಲದ ಕಡೆ, ಬಾತ್‌ರೂಮಿನ ರೇಡಿಯೇಟರ್ ಆದರೆ ಒಳ್ಳೆಯದು. ಹಳೆ ಬಟ್ಟೆ ಹಿಡಿದು, ರೇಡಿಯೇಟರ್‌ನ ಮೇಲ್ತುದಿಯ ಪುಟ್ಟ ವಾಲ್ವ್‌ಗೆ ಹಾಕುವ ಕೀಲಿಯನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ಬರುವ ನೀರು ಮಸಿಯ ಹಾಗೆ ಕಪ್ಪಗಿರುತ್ತದೆ, ಕಾರ್ಪೆಟ್ ಮೇಲೆ ಬಿದ್ದರೆ ಕಲೆ ಹೋಗುವುದು ಕಷ್ಟ. ಮುಳ್ಳು 1.5ಕ್ಕೆ ಇಳಿದಾಗ ಮುಚ್ಚಿ.

ಬಾಯ್ಲರ್‌ನ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಬಾಡಿಗೆ ಮನೆಯ ಬಾಯ್ಲರ್ ಸರಿ ಇಡುವುದು ಮನೆ ಮಾಲೀಕರ ಹೊಣೆ. ಸಂಕೋಚಪಡದೆ ಮೂರೂ ಫೋಟೋ ಸಮೇತ ಮೆಸೇಜ್ ಹಾಕಿ, ‘ತಣ್ಣಗಿದ್ದಾಗ ಇಷ್ಟು, ಬಿಸಿಯಾದಾಗ ಇಷ್ಟು’ ಅಂತ ಬರೆಯಿರಿ. ರಿಪೇರಿಗೆ ಬಂದವರ ಗ್ಯಾಸ್ ಸೇಫ್ ಕಾರ್ಡ್ (ಗ್ಯಾಸ್ ಕೆಲಸಕ್ಕೆ ನೋಂದಾಯಿಸಿಕೊಂಡವರ ಗುರುತಿನ ಚೀಟಿ) ಕೇಳಿ ನೋಡಿ. ಸೇಫ್ಟಿ ವಾಲ್ವ್ ಒಮ್ಮೆ ತೆರೆದ ಮೇಲೆ ಅದರಲ್ಲಿ ಕಸ ಸಿಕ್ಕಿಕೊಂಡು ಸರಿಯಾಗಿ ಮುಚ್ಚದೇ ಇರುವುದೂ ಉಂಟು. ಆಗ ಪ್ರೆಶರ್ ಏರುವ ಬದಲು ಇಳಿಯಲು ಶುರುವಾಗುತ್ತದೆ. ರಿಪೇರಿಯಾದ ಒಂದು ವಾರದ ನಂತರ, ಮಳೆಯಿಲ್ಲದ ದಿನ ನೋಡಿ, ಹೊರಗಿನ ತಾಮ್ರದ ಪೈಪಿನ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಒಣಗಿದ್ದರೆ ಸರಿಯಾಗಿದೆ.