ಜರ್ಮನ್ ಸೈನಿಕನ ಜೇಬುಪುಸ್ತಕ: ಅಸಲಿಯೋ ನಕಲಿಯೋ?

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕನ ಹೆಸರಿನಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ‘ವೇರ್‌ಪಾಸ್’ ಅವನ ತುಕಡಿಯ ಕಚೇರಿಯಲ್ಲಿರುತ್ತಿತ್ತು. ಆತ ಸತ್ತರೆ ಮನೆಯವರಿಗೆ ಹೋಗುತ್ತಿತ್ತು. ‘ಜೋಲ್ಡ್‌ಬುಖ್’ ಮಾತ್ರ ಸದಾ ಅವನ ಜೇಬಿನಲ್ಲೇ. ಸಂಬಳ, ಬಡ್ತಿ, ರಕ್ತದ ಗುಂಪು, ಗ್ಯಾಸ್ ಮಾಸ್ಕಿನ ಅಳತೆ, ಆಸ್ಪತ್ರೆವಾಸ, ರಜೆ, ಎಲ್ಲವೂ ಅದರಲ್ಲಿ. 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಪಾಟ್ಸ್‌ಡಾಮ್‌ನ ಸೇನಾ ದಫ್ತರಖಾನೆ ಸುಟ್ಟುಹೋದದ್ದರಿಂದ ಸಂಗ್ರಹಕಾರರ ಕಣ್ಣಿನಲ್ಲಿ ಈ ಪುಸ್ತಕಗಳ ಬೆಲೆ ಇನ್ನೂ ಹೆಚ್ಚಿತು. ನಕಲಿಗಳೂ ಹೆಚ್ಚಿದವು. ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ಪಡೆ) ಮತ್ತು ಪ್ಯಾರಾಚೂಟ್ ಪಡೆಯ ಪುಸ್ತಕವೆಂದರೆ ಎರಡು ಪಟ್ಟು ಎಚ್ಚರ ಬೇಕು. ಮಾಮೂಲಿ ಕಾಲಾಳಿನದನ್ನು ನಕಲು ಮಾಡಿ ಗಿಟ್ಟುವುದೇನು?

ಮೊದಲು ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರ್‌ನ ಅತಿನೇರಳೆ ಟಾರ್ಚ್ ಹಿಡಿಯಿರಿ. ಈ ಕಿರಣವನ್ನು ಹೀರಿ ನೀಲಿ ಬೆಳಕು ಸೂಸುವ ಬಿಳುಪುಕಾರಕಗಳು ಕಾಗದಕ್ಕೆ ಬಂದದ್ದು ಸುಮಾರು 1950ರಿಂದ ಈಚೆಗೆ. ಹಾಳೆ ಇಡೀ ನೀಲಿಯಾಗಿ ಬೆಳಗಿದರೆ ಯುದ್ಧಕಾಲದ್ದಲ್ಲ. ಮಂಕಾಗಿದ್ದರೆ ಕಾಗದ ಹಳೆಯದು ಎನ್ನಬಹುದು, ಬರಹವನ್ನಲ್ಲ: ಬಳಸದೆ ಉಳಿದ ಅಸಲಿ ಪುಸ್ತಕದಲ್ಲಿ ನಿನ್ನೆ ಮೊನ್ನೆ ಬರೆದಿರಲೂಬಹುದು.

ಆಮೇಲೆ ಫೋಟೊ. ಆರಂಭದ ಪುಸ್ತಕಗಳಿಗೆ ಫೋಟೊ ಇರಲಿಲ್ಲ, ಯುದ್ಧದ ಕೊನೆಯ ವರ್ಷಗಳಲ್ಲಿ ಅಂಟಿಸಿದರು. ಫೋಟೊ ಕದಲದಂತೆ ಹೊಡೆದ ಲೋಹದ ರಿವೆಟ್ ತುಕ್ಕು ಹಿಡಿದಿದ್ದರೆ ಅದರ ಕಲೆ ಹಿಂದಿನ ಹಾಳೆಗೂ ಇಳಿದಿರಬೇಕು. ತುಕ್ಕಿದೆ, ಹಾಳೆ ಮಾತ್ರ ಸ್ವಚ್ಛ ಎಂದರೆ ಫೋಟೊ ಬೇರೆಲ್ಲಿಂದಲೋ ಬಂದಿದೆ. ಅರ್ಧ ಫೋಟೊ ಮೇಲೆ, ಅರ್ಧ ಹಾಳೆ ಮೇಲೆ ಬಿದ್ದ ಮೊಹರಿನ ಗೆರೆಗಳು ಕೂಡಿಕೊಳ್ಳಬೇಕು.

ಟಾರ್ಚಿಗಿಂತ ಹೆಚ್ಚು ನಂಬಬೇಕಾದದ್ದು ಪುಟಕ್ಕೆ ಪುಟ ತಾಳೆ ನೋಡುವುದನ್ನು. 22ನೇ ಪುಟದಲ್ಲಿ ಪದಕಗಳು. ಅಲ್ಲಿ ಬೆಳ್ಳಿಯ ಗಾಯದ ಪದಕ ಬರೆದಿದ್ದರೆ ಮೂರು ನಾಲ್ಕು ಬಾರಿ ಗಾಯವಾಗಿರಬೇಕು, ಇಲ್ಲವೇ ಕೈ, ಕಾಲು, ಕಣ್ಣು ಕಳೆದುಕೊಳ್ಳುವಂಥ ದೊಡ್ಡ ಗಾಯವಾಗಿರಬೇಕು. 12ನೇ ಪುಟದ ಸುಮಾರಿಗಿರುವ ಆಸ್ಪತ್ರೆ ದಾಖಲೆ ಏನನ್ನುತ್ತದೆ? ಸಣ್ಣ ಗಾಯಕ್ಕೆ ತುಕಡಿಯಲ್ಲೇ ಪಟ್ಟಿ ಕಟ್ಟಿರಬಹುದು, ಒಂದೆರಡು ಬಿಟ್ಟುಹೋಗಿದ್ದರೆ ಒಪ್ಪೋಣ. ಒಂದೂ ಇಲ್ಲವೆಂದರೆ ಅನುಮಾನವೇ. ಐದು ವರ್ಷದ ನಮೂದುಗಳೆಲ್ಲ ಒಂದೇ ಕೈಬರಹ, ಒಂದೇ ಶಾಯಿಯಲ್ಲಿದ್ದರೂ ಅಷ್ಟೇ. ಗುಮಾಸ್ತರು ಬದಲಾಗುತ್ತಿದ್ದರಲ್ಲ! ಬಾಲ್‌ಪೆನ್ನಿನ ಗೆರೆ ಕಂಡರಂತೂ ಅದು ಯುದ್ಧದ ನಂತರ ಸೇರಿಸಿದ್ದು.

ಕೊಂಡ ಮೇಲೆ ಪಿವಿಸಿ ಕವರಿನಲ್ಲಿ ಇಡಬೇಡಿ. ಕಾಲಕ್ರಮೇಣ ಅದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಪಾಲಿಯೆಸ್ಟರ್ ಕವರು ಸರಿ. ಕೊಳೆ ಒರೆಸಲು ಒದ್ದೆ ಬಟ್ಟೆಯಂತೂ ಬೇಡವೇ ಬೇಡ: ಆ ಕಾಲದ ಕಾಪಿಯಿಂಗ್ ಪೆನ್ಸಿಲ್ಲಿನಲ್ಲಿ ಅನಿಲೀನ್ ಬಣ್ಣವಿತ್ತು, ನೀರು ಸೋಕಿದರೆ ಬೂದು ಅಕ್ಷರಗಳು ನೇರಳೆಯಾಗಿ ಹಾಳೆಯಿಡೀ ಹರಡುತ್ತವೆ.