ಓದಲು ಕೊಟ್ಟ ಲಿಂಕ್ ಯಾಕೆ ಕೈಕೊಡುತ್ತದೆ?

ಕಾರವಾರ, ಕುಮಟಾ, ಶಿರಸಿ ಕಡೆಯ ಕಾಲೇಜುಗಳಲ್ಲೂ ಈಗ ಓದಬೇಕಾದ ಲೇಖನ ಬರುವುದು ವಾಟ್ಸಾಪ್ ಗ್ರೂಪಿಗೆ. ಮೇಷ್ಟ್ರು ರಾತ್ರಿ ಲಿಂಕ್ ಹಾಕುತ್ತಾರೆ. ಬೆಳಿಗ್ಗೆ, 'ಸರ್, ಓಪನ್ ಆಗ್ತಾ ಇಲ್ಲ.' ನೆಟ್‌ವರ್ಕಿಗೆ ಬೈಯುವುದು ಸುಲಭ. ಘಟ್ಟದ ಊರುಗಳಲ್ಲಿ ಅದೂ ನಿಜವೇ ಅನ್ನಿ. ಆದರೆ ಎಷ್ಟೋ ಸಲ ತೊಂದರೆ ಇರುವುದು ಲಿಂಕಿನಲ್ಲೇ. ಕೆಲವು ಡೇಟಾಬೇಸ್‌ಗಳಲ್ಲಿ ಬ್ರೌಸರಿನ ವಿಳಾಸವನ್ನು ಸುಮ್ನೆ ಕಾಪಿ ಮಾಡಿದರೆ ಆ ಹೊತ್ತಿನ ಲಾಗಿನ್ ಗುರುತೂ ಜೊತೆಗೆ ಬರುತ್ತದೆ. ಮೇಷ್ಟ್ರು ಲಾಗ್‌ಔಟ್ ಆದರೆ ಅದರ ಕಥೆ ಮುಗಿಯಿತು.

ಈ ತಲೆನೋವು ವೆಬ್ಬಿನಷ್ಟೇ ಹಳೆಯದು. ವೆಬ್ ವಿಳಾಸ ಹೇಳುವುದು ಫೈಲು ಎಲ್ಲಿದೆ ಎಂದು, ಅದು ಯಾವ ಲೇಖನ ಎಂದಲ್ಲ. ಪ್ರಕಾಶಕರು ಸೈಟ್ ಬದಲಿಸಿದರೆ ಹಳೆಯ ಲಿಂಕ್‌ಗಳೆಲ್ಲ ಹೋದವು. 1995ರಲ್ಲಿ ಅಮೆರಿಕದ ಓಸಿಎಲ್‌ಸಿ ಎಂಬ ಗ್ರಂಥಾಲಯ ಸಂಸ್ಥೆ 'ಪರ್ಲ್' ತಂದಿತು. ಓದುಗರಿಗೆ ಕೊಡುವ ವಿಳಾಸ ಒಂದೇ, ಅದು ಫೈಲು ಈಗಿರುವ ಜಾಗಕ್ಕೆ ಕಳಿಸುತ್ತದೆ. ಆಮೇಲೆ ಬಂದ ಡಿಒಐ, ಅಂದರೆ ಲೇಖನಕ್ಕೇ ಕೊಡುವ ಶಾಶ್ವತ ಗುರುತಿನ ಸಂಖ್ಯೆ, ಕೂಡ ಇದೇ ಉಪಾಯ, ದೊಡ್ಡ ಮಟ್ಟದಲ್ಲಿ. 2000ರಲ್ಲಿ ಪ್ರಕಾಶಕರು ಸೇರಿ ಕಟ್ಟಿದ ಕ್ರಾಸ್‌ರೆಫ್‌ನಿಂದ ಅದು ಜರ್ನಲ್‌ಗಳಲ್ಲಿ ಹರಡಿತು. ಲೇಖನ ಜಾಗ ಬಿಟ್ಟರೆ ಹೊಸ ವಿಳಾಸ ದಾಖಲಿಸುವ ಹೊಣೆ ಪ್ರಕಾಶಕರದ್ದು. ನನಗೆ ಕಂಡಂತೆ ಇಲ್ಲಿ ತಂತ್ರಜ್ಞಾನಕ್ಕಿಂತ ಈ ಹೊಣೆಯೇ ದೊಡ್ಡದು.

ಇನ್ನೊಂದು ಗೋಡೆ ಲಾಗಿನ್. ನಮ್ಮ ಕಾಲೇಜುಗಳಿಗೆ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲದ ಕೇಂದ್ರ 2010ರಲ್ಲಿ ಎನ್-ಲಿಸ್ಟ್ ತೆರೆಯಿತು, ಕಾಲೇಜಿನವರು ಲಾಗಿನ್ ಆಗಿ ಜರ್ನಲ್, ಪುಸ್ತಕ ಓದುವ ಸೌಲಭ್ಯ ಅದು. ಹಣ ಕೊಟ್ಟು ಓದುವ ಲೇಖನಕ್ಕೆ ಡಿಒಐ ದಾರಿ ತೋರಿಸುತ್ತದೆ, ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಲಿಂಕಿನ ಜೊತೆ ಲೇಖನದ ಹೆಸರು, ಜರ್ನಲ್, ವರ್ಷ ಬರೆದು 'ಮೊದಲು ಎನ್-ಲಿಸ್ಟ್ ಲಾಗಿನ್ ಆಗಿ' ಎಂದು ಹೇಳುವುದು ಒಳ್ಳೆಯದು. ಜೆಸ್ಟೋರ್ ಎಂಬ ಜರ್ನಲ್ ಸಂಗ್ರಹದಲ್ಲಾದರೆ 'ಸ್ಟೇಬಲ್ ಯುಆರ್‌ಎಲ್' (ಬದಲಾಗದ ವಿಳಾಸ) ಎಂದೇ ಕೊಟ್ಟಿರುತ್ತಾರೆ, ಅದನ್ನೇ ಕಾಪಿ ಮಾಡಬೇಕು.

ಪಿಎಚ್‌ಡಿ ಪ್ರಬಂಧಗಳ ವಿಷಯದಲ್ಲಿ ಕಷ್ಟ ಕಡಿಮೆ. ಕಾಳಿ ಅಳಿವೆಯ ಮೀನು, ಚಿಪ್ಪಿಕಲ್ಲಿನ ಬಗ್ಗೆ ಓದುವವರು ಶೋಧಗಂಗಾ ಎಂಬ ಪ್ರಬಂಧಗಳ ಆನ್‌ಲೈನ್ ಸಂಗ್ರಹದಲ್ಲಿ ಹುಡುಕಿದರೆ ಪ್ರತಿ ಪ್ರಬಂಧಕ್ಕೂ 10603ರಿಂದ ಶುರುವಾಗುವ ಹ್ಯಾಂಡಲ್ ಸಂಖ್ಯೆ, ಅಂದರೆ ಡಿಒಐನಂಥದ್ದೇ ಶಾಶ್ವತ ಗುರುತು, ಇರುತ್ತದೆ. ಕೊಡಬೇಕಾದದ್ದು ಅದನ್ನು.

ಕನ್ನಡದ ಓದಿಗೆ ಬಂದರೆ ಪರದಾಟ ಜಾಸ್ತಿ. ಹಳೆಯ ಪತ್ರಿಕೆಯ ಲೇಖನಕ್ಕೆ ಡಿಒಐ ಎಲ್ಲಿಂದ ಬರಬೇಕು? ಯಾರೋ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕುತ್ತಾರೆ. ಅವರು ಫೈಲ್ ಅಳಿಸಿದ ದಿನ ಪಾಠವೂ ಹೋಯಿತು, ಅಲ್ವಾ? ಹಕ್ಕುಸ್ವಾಮ್ಯದ ತಕರಾರಿಲ್ಲದ್ದನ್ನು ಕಾಲೇಜೇ ಡಿಸ್ಪೇಸ್ ಎಂಬ ಉಚಿತ ತಂತ್ರಾಂಶದಲ್ಲಿ ಇಡಬಹುದು. ಆದರೆ ಅದರಲ್ಲಿ ಮೊದಲಿಗೆ ಬರುವ ಹ್ಯಾಂಡಲ್ ಸಂಖ್ಯೆ 123456789, ಬರೀ ತಾತ್ಕಾಲಿಕ. ಎಷ್ಟೋ ಕಡೆ ಅದನ್ನು ಹಾಗೇ ಬಿಟ್ಟಿರುತ್ತಾರೆ. ನೋಡಲು ಶಾಶ್ವತ ಲಿಂಕಿನಂತೆಯೇ ಇರುತ್ತದೆ, ಸರ್ವರ್ ಬದಲಾದ ದಿನ ಎಲ್ಲಿಗೂ ಹೋಗುವುದಿಲ್ಲ. ಸ್ವಂತ ಸಂಖ್ಯೆ ಬೇಕಿದ್ದರೆ ನೋಂದಾಯಿಸಿ ವರ್ಷವರ್ಷ ಶುಲ್ಕ ಕಟ್ಟಬೇಕು. ಆ ಖರ್ಚನ್ನು ಲೈಬ್ರರಿ ಬಜೆಟ್ಟಿನಲ್ಲಿ ಮೊದಲೇ ಬರೆದಿಡಬೇಕು.