ಗರ್ದ್‌ನಿಂದ ಎಂಡಿವರೆಗೆ: ಮುಂಬಯಿಯ ಮಕ್ಕಳ ಕೈಗೆ ಅಮಲು ಬಂದ ಬಗೆ

ಮೀರಾ ರೋಡಿನಲ್ಲಿರುವ ನಮ್ಮ ಊರ ಕಡೆಯ ತಾಯಿಯೊಬ್ಬರು ಕಳೆದ ಮಳೆಗಾಲದಲ್ಲಿ ಮಗನ ಕಂಪಾಸ್ ಪೆಟ್ಟಿಗೆಯನ್ನು ತೆರೆದಾಗ ಅದರಲ್ಲಿ ಪೆನ್‌ಡ್ರೈವ್‌ನಂಥ ವಸ್ತುವೊಂದನ್ನು ಕಂಡರು. ಮೂಸಿದರೆ ಮಾವಿನಹಣ್ಣಿನ ಪರಿಮಳ. ಶಾಲೆಯ ಪ್ರಾಜೆಕ್ಟಿಗೆ ಸಂಬಂಧಪಟ್ಟದ್ದಿರಬೇಕೆಂದು ಎರಡು ಸಲ ತಾವೇ ಅದನ್ನು ಚಾರ್ಜಿಗೆ ಹಾಕಿಯೂ ಕೊಟ್ಟರು. ಅದು ಇ-ಸಿಗರೇಟು ಎಂಬುದು ತಿಳಿದದ್ದು, ಹತ್ತನೆಯ ತರಗತಿಯ ಆ ಹುಡುಗ ಶೌಚಾಲಯದಲ್ಲಿ ಸಿಕ್ಕಿಬಿದ್ದು ಶಾಲೆಯಿಂದ ಫೋನು ಬಂದ ಮೇಲೆ. "ಅಕ್ಕಾ, ಅವನ ಅಂಗಿಯನ್ನು ದಿನಾ ಮೂಸಿ ನೋಡಿಯೇ ಒಗೆಯಲು ಹಾಕುತ್ತಿದ್ದೆ, ಒಂದು ದಿನವೂ ಬೀಡಿ ಸಿಗರೇಟಿನ ವಾಸನೆ ಬಂದಿಲ್ಲ" ಎಂದು ನನ್ನೆದುರು ಕೂತು ಅತ್ತರು. ಆಕೆ ಎಚ್ಚರವಿಲ್ಲದ ತಾಯಿಯಲ್ಲ. ಆದರೆ ಆಕೆ ಕಾದು ಕೂತಿದ್ದು ತಮ್ಮ ಕಾಲದ ಕಳ್ಳನಿಗಾಗಿ.

ಈ ಮಹಾನಗರದ ಅಮಲಿನ ಚರಿತ್ರೆಯನ್ನು ಹಿಂದಿರುಗಿ ನೋಡಿದರೆ ಇದು ಒಬ್ಬ ತಾಯಿಗೆ ಆದ ಮೋಸವಲ್ಲ ಎಂಬುದು ಗೊತ್ತಾಗುತ್ತದೆ. ಪ್ರತಿ ಸಲವೂ ಪದಾರ್ಥ ಮೊದಲು ಬಂದಿದೆ, ಕೆಲವು ವರ್ಷಗಳ ನಂತರ ಕಾನೂನು ಬಂದಿದೆ, ಮನೆಯವರಿಗೆ ಅದರ ಗುರುತು ಹತ್ತುವ ಹೊತ್ತಿಗೆ ಮಕ್ಕಳು ಮತ್ತೊಂದಕ್ಕೆ ಕೈಹಾಕಿದ್ದಾರೆ.

ಮುಂಬಯಿಗೂ ಅಮಲಿಗೂ ಇರುವ ನಂಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಳ್ವದ ಅಫೀಮು ಇಲ್ಲಿಯ ಬಂದರಿನಿಂದಲೇ ಚೀನಾಕ್ಕೆ ಹೋಗುತ್ತಿತ್ತು. ಆ ವ್ಯಾಪಾರದಲ್ಲಿ ಸಂಪತ್ತು ಗಳಿಸಿದ ಜಮ್‌ಶೇಟ್‌ಜೀ ಜೀಜೀಭಾಯ್ ಅವರ ದಾನದಿಂದ ಎದ್ದ ಬೈಕುಲಾದ ಜೆ.ಜೆ. ಆಸ್ಪತ್ರೆಗೆ ಇಂದು ವ್ಯಸನಕ್ಕೆ ಚಿಕಿತ್ಸೆ ಬೇಡಿ ಜನ ಹೋಗುತ್ತಾರೆ. ಆದರೆ ನಗರದ ಮಕ್ಕಳ ಮಟ್ಟಿಗೆ ನಿಜವಾದ ಆಘಾತ ಆರಂಭವಾದದ್ದು 1980ರ ದಶಕದಲ್ಲಿ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು; ಅದೇ ವರ್ಷದ ಕೊನೆಗೆ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕಿತು. ಆ ಭಾಗದ ಅಫೀಮಿನಿಂದ ತಯಾರಾದ, ಸರಿಯಾಗಿ ಶುದ್ಧವಾಗದ ಕಂದು ಬಣ್ಣದ ಹೆರಾಯಿನ್ ಹೊಸ ದಾರಿಗಳನ್ನು ಹುಡುಕುತ್ತಾ ಮುಂಬಯಿಗೆ ಬಂದಿಳಿಯಿತು. ಇಂಗ್ಲಿಷ್ ಪತ್ರಿಕೆಗಳು ಅದನ್ನು ಬ್ರೌನ್ ಶುಗರ್ ಎಂದವು; ಬೀದಿಯ ಮಂದಿ ಧೂಳು ಎಂಬರ್ಥದ ಗರ್ದ್ ಎಂಬ ಹೆಸರಿನಿಂದ ಕರೆದರು. ಸಿಗರೇಟು ಪ್ಯಾಕಿನ ಬೆಳ್ಳಿಕಾಗದದ ಮೇಲೆ ಚಿಟಿಕೆಯಷ್ಟು ಪುಡಿ ಉದುರಿಸಿ, ಕೆಳಗೆ ಕಡ್ಡಿ ಗೀರಿ ಹಿಡಿದು, ಮೇಲೇಳುವ ಹೊಗೆಯನ್ನು ಸುರುಳಿ ಮಾಡಿದ ನೋಟಿನಿಂದ ಎಳೆಯುತ್ತಿದ್ದರು. ಸೂಜಿ ಬೇಕಿರಲಿಲ್ಲವಾದ್ದರಿಂದ ಇದು ಅಪಾಯದ್ದೆಂದು ಹುಡುಗರಿಗೆ ಅನ್ನಿಸಲೇ ಇಲ್ಲ. ಗರ್ದುಲ್ಲಾ ಎಂಬ ಬೈಗುಳ ಮುಂಬಯಿಯ ಮಾತಿಗೆ ಸೇರಿದ್ದು ಆಗಲೇ. ಇಂದಿಗೂ ನಮ್ಮ ಮನೆಗಳಲ್ಲಿ ಡ್ರಗ್ಸ್ ಎಂದ ಕೂಡಲೇ ಕಣ್ಣ ಮುಂದೆ ನಿಲ್ಲುವುದು ರೈಲು ಹಳಿಯ ಪಕ್ಕದಲ್ಲಿ ಕೊಳಕು ಹೊದಿಕೆ ಹೊದ್ದು ಕೂತ ಆ ಗರ್ದುಲ್ಲಾನ ಚಿತ್ರ. "ನಮ್ಮ ಮಗ ಹಾಗಿಲ್ಲವಲ್ಲ" ಎಂಬ ಸಮಾಧಾನ ಹುಟ್ಟುವುದೂ ಆ ಚಿತ್ರದಿಂದಲೇ.

ಆಗ ಮೊದಲು ಎಚ್ಚೆತ್ತದ್ದು ಸರ್ಕಾರವಲ್ಲ. 1981ರಲ್ಲಿ ಬಾಂದ್ರಾದ ಚರ್ಚೊಂದರ ಆವರಣದಲ್ಲಿ ಪಾದ್ರಿ ಜೋ ಪಿರೇರಾ ವ್ಯಸನಿಗಳ ನೆರವಿಗಾಗಿ ಕೃಪಾ ಫೌಂಡೇಶನ್ ಆರಂಭಿಸಿದರು. ಪುಣೆಯಲ್ಲಿ ಪತ್ರಕರ್ತ ಅನಿಲ್ ಅವಚಟ್ ಗರ್ದ್ ಸೇವಿಸುವವರ ಬದುಕಿನ ಬಗ್ಗೆ ಮರಾಠಿಯಲ್ಲಿ ಬರೆದರು. ಅದನ್ನು ಓದಿ ಕಳವಳಗೊಂಡ ಮರಾಠಿ ಸಾಹಿತಿ ದಂಪತಿ ಪು.ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ಹಣದ ನೆರವಿಗೆ ಮುಂದಾದರು. ಅವಚಟ್ ಅವರ ಪತ್ನಿ, ಮನೋವೈದ್ಯೆ ಡಾ. ಅನಿತಾ ಅವಚಟ್ 1986ರ ಆಗಸ್ಟ್ 29ರಂದು ಯೆರವಡಾ ಮನೋರೋಗ ಆಸ್ಪತ್ರೆಯ ಆವರಣದಲ್ಲಿ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರವನ್ನು ತೆರೆದರು. ವ್ಯಸನಿಯನ್ನು ಅಪರಾಧಿಯಂತೆ ಅಲ್ಲ, ರೋಗಿಯಂತೆ ಕಾಣಬೇಕೆಂಬ ಮಾತು ಈ ಭಾಗದಲ್ಲಿ ಬೇರೂರಿದ್ದರಲ್ಲಿ ಆ ಸಂಸ್ಥೆಯ ಪಾಲು ದೊಡ್ಡದು. ಅಷ್ಟರಲ್ಲಿ ಕೇಂದ್ರ ಸರ್ಕಾರದ ಮಾದಕವಸ್ತು ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ಎನ್‌ಡಿಪಿಎಸ್ ಎನ್ನುವ ಕಾನೂನು, 1985ರ ನವೆಂಬರ್ 14ರಿಂದ ಜಾರಿಗೆ ಬಂದಿತ್ತು. ಗರ್ದ್ ಬಂದು ಆಗಲೇ ನಾಲ್ಕೈದು ವರ್ಷಗಳಾಗಿದ್ದವು.

ಇಲ್ಲಿ ನಮ್ಮವರು ಬಾಯಿಬಿಟ್ಟು ಆಡದ ವಿಷಯವೊಂದನ್ನು ಹೇಳಲೇಬೇಕು. ಮುಂಬಯಿ ಕನ್ನಡಿಗರಲ್ಲಿ, ಅದರಲ್ಲೂ ಕರಾವಳಿಯಿಂದ ಬಂದವರಲ್ಲಿ, ಹಲವು ಕುಟುಂಬಗಳ ಅನ್ನದ ಬಟ್ಟಲು ತುಂಬುವುದು ಬಾರ್ ಮತ್ತು ಪರ್ಮಿಟ್ ರೂಮಿನಿಂದ. ಪರ್ಮಿಟ್ ರೂಮ್ ಎಂಬ ಹೆಸರೇ 1949ರ ಮುಂಬಯಿ ಪಾನನಿರೋಧ ಕಾಯ್ದೆಯ ಕೂಸು. ನಿರ್ಬಂಧ ಸಡಿಲವಾದಾಗ ಪರವಾನಗಿ ಇದ್ದವರು ಕೂತು ಕುಡಿಯಲು ಆದ ಏರ್ಪಾಡು ಅದು. ಅದು ಕಾನೂನುಬದ್ಧ ದುಡಿಮೆ, ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಅದೇ ಕಾನೂನಿನ ಪ್ರಕಾರ ಮಹಾರಾಷ್ಟ್ರದಲ್ಲಿ ಬಿಯರಿಗೆ 21, ವಿಸ್ಕಿಯಂಥ ಮದ್ಯಗಳಿಗೆ 25 ವರ್ಷ ತುಂಬಿರಬೇಕು ಎಂಬುದನ್ನು ಗಿರಾಕಿಗೆ ತೋರಿಸುವ ನಾವು, ಮನೆಯ ಸಮಾರಂಭಗಳಲ್ಲಿ ಹದಿನಾರರ ಹುಡುಗನಿಗೆ ಮಾವನೋ ಚಿಕ್ಕಪ್ಪನೋ "ಒಂದು ಗುಟುಕು ಕುಡಿ, ಗಂಡಸಲ್ಲವಾ" ಎಂದು ಗ್ಲಾಸು ಕೊಟ್ಟರೆ ನಕ್ಕು ಸುಮ್ಮನಾಗುತ್ತೇವೆ. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಂತೆ ಹದಿನೆಂಟು ತುಂಬದವರಿಗೆ ಮದ್ಯ, ತಂಬಾಕು ಅಥವಾ ಮಾದಕವಸ್ತು ಕೊಟ್ಟವರಿಗೆ 7 ವರ್ಷಗಳವರೆಗೆ ಕಠಿಣ ಶಿಕ್ಷೆ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಆ ಕಲಮು ಸಂಬಂಧಿಕರಿಗೆ ವಿನಾಯಿತಿ ಕೊಟ್ಟಿಲ್ಲ.

ಒಂದು ಕಾಲದಲ್ಲಿ ಊರಿನಿಂದ ಬಂದ ಹದಿಮೂರು ಹದಿನಾಲ್ಕರ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದುತ್ತಿದ್ದರು. ಅವರ ಕೈಯಲ್ಲಿ ಬಿಡಿಕಾಸು ಇರಲಿಲ್ಲ, ಮಲಗಲು ಇದ್ದದ್ದು ಹತ್ತು ಜನರ ನಡುವಿನ ಚಾಪೆ. ಅವರ ಬವಣೆಯನ್ನು ಹೊಗಳಬೇಕಾಗಿಲ್ಲ. ಮಕ್ಕಳು ಹಾಗೆ ದುಡಿಯಬಾರದಿತ್ತು. ಆದರೆ ಅವರ ಮೊಮ್ಮಕ್ಕಳಿಗೆ ಈಗ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯಿದೆ, ಸ್ವಂತ ಫೋನಿದೆ, ಯುಪಿಐ ಇದೆ. ಮಾರುವವನನ್ನು ಹುಡುಕಿ ಕತ್ತಲ ಗಲ್ಲಿಗೆ ಹೋಗಬೇಕಾಗಿಲ್ಲ. ಟೆಲಿಗ್ರಾಮಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಸಂದೇಶ ಹಾಕಿದರೆ ಸಾಮಾನು ಕೊರಿಯರಿನಂತೆ ಕಟ್ಟಡದ ಗೇಟಿಗೇ ಬರುತ್ತದೆ.

1990ರ ನಂತರ ಮಕ್ಕಳ ಬಾಯಿಗೆ ಎಲ್ಲಕ್ಕಿಂತ ಸುಲಭವಾಗಿ ಬಿದ್ದದ್ದು ಗುಟ್ಕಾ. ಮಹಾರಾಷ್ಟ್ರ 2002ರಲ್ಲಿ ಅದನ್ನು ನಿಷೇಧಿಸಿತು, 2004ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, 2012ರಲ್ಲಿ ಆಹಾರ ಸುರಕ್ಷತಾ ಕಾಯ್ದೆಯ ಬಲದಿಂದ ಮತ್ತೆ ನಿಷೇಧ ಬಂತು. ಈಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಜೊತೆಯಲ್ಲೇ ತೂಗಾಡುತ್ತವೆ. ಅದಕ್ಕಿಂತ ಕಡಿಮೆ ಮಾತಿಗೆ ಬರುವುದು ಮೂಸುವ ಚಟ: ವೈಟ್ನರ್, ಪಂಕ್ಚರ್ ಅಂಟಿಸುವ ಸೊಲ್ಯೂಷನ್, ಥಿನ್ನರ್. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಬಳಸುವ ಏಕೈಕ ಅಮಲು ಇದೆಂದು ಕಂಡುಬಂತು. ದೊಡ್ಡವರಲ್ಲಿ ಶೇ. 0.58, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 1.7. ಇದು ಬೀದಿಮಕ್ಕಳ ಚಟ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಈ ಸಾಮಾನೆಲ್ಲ ಸ್ಟೇಷನರಿ ಅಂಗಡಿಯಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವಂಥದು. ಇದನ್ನು ಮೂಸಿದಾಗ ಮೊದಲ ಸಲವೇ ಹೃದಯದ ಬಡಿತ ತಪ್ಪಿ ಸಾವು ಬರಬಹುದು.

ಹತ್ತು ಹನ್ನೆರಡು ವರ್ಷಗಳಿಂದ ಮುಂಬಯಿಯನ್ನು ಕಾಡುತ್ತಿರುವುದು ಎಂಡಿ. ಮೆಫೆಡ್ರೋನ್ ಎಂಬುದು ಅದರ ಪೂರ್ಣ ಹೆಸರು. ಮ್ಯಾಂವ್ ಮ್ಯಾಂವ್ ಎಂಬ ಮುದ್ದಿನ ಹೆಸರೂ ಇದೆ, ಆ ಮುದ್ದೇ ಮಕ್ಕಳನ್ನು ಮೋಸಗೊಳಿಸಿತು. ಪೂರ್ವ ಆಫ್ರಿಕಾದ ಜನ ಜಗಿಯುವ ಖಾತ್ ಎಲೆಯಲ್ಲಿರುವ ಕ್ಯಾಥಿನೋನ್ ಎಂಬ ರಾಸಾಯನಿಕದ ಜಾತಿಗೆ ಸೇರಿದ, ಆದರೆ ಯಾವ ಗಿಡದ ಹಂಗೂ ಇಲ್ಲದೆ ಕಾರ್ಖಾನೆಯಲ್ಲಿ ತಯಾರಾಗುವ ಬಿಳಿ ಪುಡಿ ಇದು. ಎನ್‌ಡಿಪಿಎಸ್ ಪಟ್ಟಿಗೆ ಇದು ಸೇರಿದ್ದು 2015ರ ಫೆಬ್ರವರಿಯಲ್ಲಿ. ಅದಕ್ಕೆ ಮುಂಚೆ ಮಾರುವವನು ಕೈಗೆ ಸಿಕ್ಕರೂ ಈ ಕಾಯ್ದೆಯಡಿ ಅವನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ, ಆ ಅವಧಿಯಲ್ಲಿ ಕಾಲೇಜು ಮಕ್ಕಳ ನಡುವೆ ಅದು ಹಬ್ಬಿತು. ಗಡಿ ದಾಟಿ ಬರುವುದನ್ನು ತಡೆದರೆ ಸಾಕೆಂಬ ಹಳೆಯ ನಂಬಿಕೆಯೂ ಇದರಿಂದ ಮುರಿಯಿತು: 2023ರ ಅಕ್ಟೋಬರಿನಲ್ಲಿ ನಾಸಿಕ್ ಬಳಿ ಇದನ್ನು ತಯಾರಿಸುವ ಕಾರ್ಖಾನೆ ಸಿಕ್ಕಿತು, 2024ರ ಫೆಬ್ರವರಿಯಲ್ಲಿ ಪುಣೆ ಜಿಲ್ಲೆಯ ಕುರ್ಕುಂಭ್ ಕೈಗಾರಿಕಾ ವಲಯದ ಘಟಕದಿಂದ ಹೊರಬಿದ್ದ ಜಾಲದಲ್ಲಿ ಪೊಲೀಸರು ಸಾವಿರ ಕಿಲೋಗೂ ಮಿಕ್ಕಿದ ಎಂಡಿಯನ್ನು ವಶಪಡಿಸಿಕೊಂಡರು.

ಎಂಡಿಯ ಗುಣವನ್ನು ತಂದೆತಾಯಿಗಳು ಸರಿಯಾಗಿ ತಿಳಿಯಬೇಕು, ಏಕೆಂದರೆ ಆರಂಭದಲ್ಲಿ ಅದು ವ್ಯಸನದಂತೆ ಕಾಣುವುದೇ ಇಲ್ಲ. ಗರ್ದ್ ಮಂಪರು ತರುತ್ತಿತ್ತು. ಎಂಡಿ ಚುರುಕು ತರುತ್ತದೆ. ಹುಡುಗಿ ರಾತ್ರಿಯೆಲ್ಲ ಎದ್ದು ಓದುತ್ತಾಳೆ, ಮೈ ಇಳಿಸಿಕೊಳ್ಳುತ್ತಾಳೆ, ಮಾತು ಹೆಚ್ಚುತ್ತದೆ, ಮನೆಯವರು ಮೆಚ್ಚಿಕೊಳ್ಳುತ್ತಾರೆ. ಅಮಲು ಬೇಗ ಇಳಿಯುವುದರಿಂದ ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಮೂಗಿಗೆ ಏರಿಸುತ್ತಾರೆ. ವಾರಗಟ್ಟಲೆ ಇದು ನಡೆದ ಮೇಲೆ ಊಟ ಸೇರುವುದಿಲ್ಲ, ಮೂಗಿನಿಂದ ರಕ್ತ ಬರುತ್ತದೆ, ಹಲ್ಲು ಕಡಿಯುತ್ತಾರೆ, ಎರಡು ದಿನ ನಿದ್ದೆಗೆಟ್ಟು ಮೂರನೆಯ ದಿನ ಎಬ್ಬಿಸಿದರೂ ಏಳದಂತೆ ಮಲಗುತ್ತಾರೆ, ಎದ್ದ ಮೇಲೆ ತೀರದ ದುಗುಡ ಮತ್ತು ಎಲ್ಲರ ಮೇಲೂ ಸಂಶಯ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೂತ್ರ ಪರೀಕ್ಷೆಯ ಸಾಮಾನ್ಯ ಕಿಟ್‌ಗಳಲ್ಲಿ ಹೆಚ್ಚಿನವು ಎಂಡಿಯನ್ನು ಹಿಡಿಯುವುದೇ ಇಲ್ಲ. ಮಗುವಿಗೆ ತಿಳಿಯದಂತೆ ಹಾಗೆ ಪರೀಕ್ಷೆ ಮಾಡುವುದರಿಂದ ಸುಳ್ಳು ಸಮಾಧಾನ ಸಿಗುತ್ತದೆ, ಗುಟ್ಟು ಹೊರಬಿದ್ದ ದಿನ ಇದ್ದ ನಂಬಿಕೆಯೂ ಹೋಗುತ್ತದೆ.

ಮಾತಿನ ಗೋಡೆಯೊಂದಿದೆ. ಮನೆಯಲ್ಲಿ ಕನ್ನಡವೋ ತುಳುವೋ, ಹೊರಗೆ ಹಿಂದಿ ಇಂಗ್ಲಿಷ್. ಮಗ ಫೋನಿನಲ್ಲಿ "ಪುಡಿ" ಎಂದರೆ ತಾಯಿಯ ಕಿವಿಗೆ ಅದು ಸಾರಿನ ಪುಡಿ. ಮುಂಬಯಿಯ ಹುಡುಗರಿಗೆ ಅದು ಪೊಟ್ಟಣ. ಬಟನ್ ಎಂದರೆ ನಿದ್ದೆಮಾತ್ರೆ, ಪೇಪರ್ ಎಂದರೆ ನಾಲಿಗೆಯ ಮೇಲಿಡುವ ಎಲ್‌ಎಸ್‌ಡಿ ಚೂರು.

ಗಾಂಜಾದ ವಿಷಯದಲ್ಲಿ ಅಪ್ಪಂದಿರ ಅನುಭವವೇ ದಾರಿ ತಪ್ಪಿಸುತ್ತದೆ. "ನಾವೂ ಕಾಲೇಜಿನಲ್ಲಿ ಎಳೆದಿದ್ದೇವೆ, ಏನಾಯಿತು" ಎನ್ನುವವರು ಸೇದಿದ್ದು ಹೊಲದ ಗಾಂಜಾ. ಈಗ ಬ್ಯಾಂಕಾಕಿನಿಂದ ಬರುವ ಪ್ರಯಾಣಿಕರ ಚೀಲಗಳಲ್ಲಿ ಮುಂಬಯಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಮೇಲಿಂದ ಮೇಲೆ ಹಿಡಿಯುತ್ತಿರುವ ಹೈಡ್ರೋ ಎಂಬುದು ಮಣ್ಣಿಲ್ಲದೆ, ದೀಪದ ಬೆಳಕಿನಲ್ಲಿ ಬೆಳೆಸಿದ, ಅಮಲಿನ ಅಂಶ ಬಹಳ ಹೆಚ್ಚಿರುವ ತಳಿ. ಮುಂದಾಲೋಚನೆಗೆ ಬೇಕಾದ ಮೆದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ; ಹದಿನೈದರಲ್ಲಿ ಇಂಥದನ್ನು ಹಿಡಿದವರಲ್ಲಿ, ಅದರಲ್ಲೂ ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದರೆ, ಭ್ರಮೆಯ ಕಾಯಿಲೆ ಕಾಣಿಸಿಕೊಳ್ಳುವ ಅಪಾಯ ಹೆಚ್ಚು. ಇನ್ನು ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು ಎಲ್ಲವೂ 2019ರಿಂದ ನಿಷಿದ್ಧ. ಆದರೂ ಹಣ್ಣಿನ ಪರಿಮಳದ ಆ ಕೊಳವೆಗಳು ಪಾನ್ ಅಂಗಡಿಯ ಹಿಂಬದಿಯಲ್ಲಿ ಸಿಗುತ್ತವೆ. ಅದರೊಳಗಿನ ನಿಕೋಟಿನ್ ಗಂಟಲು ಸುಡದಂತೆ ತಯಾರಾಗಿರುವುದರಿಂದ ಮಕ್ಕಳು ಸಿಗರೇಟಿಗಿಂತ ಹೆಚ್ಚು ಎಳೆಯುತ್ತಾರೆ.

ವಿಷಯ ತಿಳಿದ ರಾತ್ರಿ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡು. ಒಂದು, ಹೊಡೆದು ಕೋಣೆಯಲ್ಲಿ ಕೂಡಿಹಾಕುವುದು. ನಿದ್ದೆಮಾತ್ರೆ ಅಥವಾ ಮದ್ಯಕ್ಕೆ ದೇಹ ಒಗ್ಗಿಹೋಗಿದ್ದರೆ ಹಾಗೆ ಒಮ್ಮೆಲೇ ನಿಲ್ಲಿಸಿದಾಗ ಫಿಟ್ಸ್ ಬಂದು ಜೀವಕ್ಕೆ ಕುತ್ತಾಗಬಹುದು. ಬಿಡಿಸುವುದು ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ಇನ್ನೊಂದು, ಸಂಘದಲ್ಲಿ ನಾಲ್ಕು ಜನರಿಗೆ ತಿಳಿದೀತೆಂದು, ನಾಳೆ ಅಕ್ಕನ ಮದುವೆಗೆ ಅಡ್ಡಿಯಾದೀತೆಂದು, ಹುಡುಗನನ್ನು ಊರಿಗೆ ಅಜ್ಜಿಯ ಮನೆಗೆ ಕಳಿಸಿಬಿಡುವುದು. ಅಜ್ಜಿಯ ಮನೆಯಲ್ಲೂ ನೆಟ್‌ವರ್ಕ್ ಇದೆ, ಮಂಗಳೂರು ಮಣಿಪಾಲಗಳಲ್ಲೂ ಮಾರುವವರಿದ್ದಾರೆ. ಚಿಕಿತ್ಸೆ ಮಾತ್ರ ಒಂದು ವರ್ಷ ಹಿಂದೆ ಬೀಳುತ್ತದೆ.

ಪೊಲೀಸರ ಭಯ ಇದಕ್ಕೆಲ್ಲ ಹಿನ್ನೆಲೆ. ಆ ಭಯಕ್ಕೆ ಕಾನೂನಿನಲ್ಲೇ ಉತ್ತರವಿದೆ. ಹದಿನೆಂಟರೊಳಗಿನವರನ್ನು ಜೈಲಿಗೆ ಹಾಕುವಂತಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಮುಂದಾದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2016ರ ಡಿಸೆಂಬರ್ 14ರಂದು ಮಕ್ಕಳ ಹಕ್ಕಿಗಾಗಿ ದುಡಿಯುವ ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಮಕ್ಕಳಲ್ಲಿ ಅಮಲಿನ ಬಳಕೆಯ ಬಗ್ಗೆ ರಾಷ್ಟ್ರೀಯ ಸಮೀಕ್ಷೆ ಮತ್ತು ಕಾರ್ಯಯೋಜನೆ ಆಗಬೇಕೆಂದೂ ಶಾಲೆಯ ಪಠ್ಯದಲ್ಲಿ ಈ ವಿಷಯ ಬರಬೇಕೆಂದೂ ಆದೇಶಿಸಿತು. ನಗರದ ಕೆಇಎಂ, ನಾಯರ್, ಸಯನ್, ಜೆ.ಜೆ. ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಕಡಿಮೆ ಖರ್ಚಿನಲ್ಲಿ ಮಗುವನ್ನು ತೋರಿಸಬಹುದು. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಎಂಡಿ ಬಿಡಿಸಲು ಅದಕ್ಕೆಂದೇ ಆದ ಔಷಧಿಯಿಲ್ಲ, ನಿದ್ದೆ ಮತ್ತು ದುಗುಡಕ್ಕೆ ಮದ್ದು ಕೊಟ್ಟು ತಿಂಗಳುಗಟ್ಟಲೆ ಕೌನ್ಸೆಲಿಂಗ್ ನಡೆಸಬೇಕಾಗುತ್ತದೆ, ನಡುವೆ ಮತ್ತೆ ಜಾರುವವರೂ ಇದ್ದಾರೆ. ಜಾರಿದಾಗ "ಇವನು ಇನ್ನು ಸುಧಾರಿಸುವುದಿಲ್ಲ" ಎಂದು ಚಿಕಿತ್ಸೆಯನ್ನೇ ನಿಲ್ಲಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಏರಿತೆಂದು ಯಾರೂ ಇನ್ಸುಲಿನ್ ನಿಲ್ಲಿಸುವುದಿಲ್ಲ.

ಮೀರಾ ರೋಡಿನ ಆ ತಾಯಿ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎರಡನೆಯ ಭೇಟಿಯಲ್ಲಿ ವೈದ್ಯರು ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಹುಡುಗನೊಬ್ಬನೊಂದಿಗೇ ಮುಕ್ಕಾಲು ಗಂಟೆ ಮಾತಾಡಿದರು. ಒಳಗೆ ಆಡಿದ್ದನ್ನೆಲ್ಲ ಅವರು ತಾಯಿಗೆ ಹೇಳಲಿಲ್ಲ. ಆದರೆ ಆ ರಾತ್ರಿ ಹುಡುಗ ತಾನಾಗಿಯೇ ಫೋನು ತಂದು ಅಮ್ಮನ ಮುಂದಿಟ್ಟು, ಟ್ಯೂಷನ್ನಿನ ದೊಡ್ಡ ಹುಡುಗನಿಗೆ ನಾಲ್ಕು ತಿಂಗಳಿನಿಂದ ಕಳಿಸಿದ ಹಣದ ಲೆಕ್ಕವನ್ನು ಒಂದೊಂದಾಗಿ ತೋರಿಸಿದ. ಪ್ರತಿ ಸಾಲಿನ ಕೆಳಗೂ ಅವನು ಬರೆದಿಟ್ಟದ್ದು ವಡಾಪಾವ್ ಎಂದು. ಅಷ್ಟೂ ಸಲ ಆ ಹಣವನ್ನು ಅವನ ಖಾತೆಗೆ ಹಾಕಿದವರು ತಾಯಿಯೇ. ಟ್ಯೂಷನ್ ಮುಗಿಸಿ ಬರುವಾಗ ಮಗನಿಗೆ ಹಸಿವಾಗುತ್ತದೆಂದು.